ಕಿತ್ತುಹೋದ ಹಳಿಗೆ ಹಳೆಯ ನಕ್ಷೆ

2001ರಲ್ಲಿ ಮೈಕ್ರೋಸಾಫ್ಟ್ ಟ್ರೈನ್ ಸಿಮ್ಯುಲೇಟರ್ ಮಾರುಕಟ್ಟೆಗೆ ಬಂದಾಗ ಅದರೊಳಗಿದ್ದ ಸಿದ್ಧ ಮಾರ್ಗಗಳಲ್ಲಿ ಉತ್ತರ ಇಂಗ್ಲೆಂಡಿನ ಸೆಟಲ್–ಕಾರ್ಲೈಲ್ ಕೂಡ ಒಂದು. ಅದು ಇಂದಿನ ರೂಪದಲ್ಲಿರಲಿಲ್ಲ. 1920ರ ದಶಕದ ಉಗಿಬಂಡಿ ಕಾಲಕ್ಕೆ ಹೊಂದಿಸಿದ್ದರು. ಅದನ್ನು ತಯಾರಿಸಿದ ಬ್ರಿಟನ್ನಿನ ಕುಜು ಸಂಸ್ಥೆ ಮಾರ್ಗ ಕಟ್ಟುವ ಎಡಿಟರನ್ನೂ ಬಳಕೆದಾರರ ಕೈಗೆ ಕೊಟ್ಟಿತು. ಅದೇ ಹೊತ್ತಿಗೆ ಆಸ್ಟ್ರೇಲಿಯಾದಿಂದ ಟ್ರೈನ್ಜ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಂತು. ಹವ್ಯಾಸಿಗಳಲ್ಲಿ ಬಹಳ ಮಂದಿ ಕೈಹಾಕಿದ್ದು ನೆಲದ ಮೇಲೆ ಈಗ ಇಲ್ಲದ ಮಾರ್ಗಗಳಿಗೆ. ಬ್ರಿಟನ್ನಿನಲ್ಲಿ ಇದಕ್ಕೆ ಕಾರಣ ಸ್ಪಷ್ಟ. 1963ರ ಬೀಚಿಂಗ್ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಲು ಶಿಫಾರಸು ಮಾಡಿತ್ತು. ಬಹುಪಾಲು ಮುಚ್ಚಿಯೂ ಹೋಯಿತು. ಈ ಹವ್ಯಾಸದ ಬೆಳವಣಿಗೆಯನ್ನು ಗ್ರಾಫಿಕ್ಸ್ ಸುಧಾರಿಸಿದ ಕಥೆಯಾಗಿ ಹೇಳುವುದು ರೂಢಿ. ಅದಕ್ಕಿಂತ ಕುತೂಹಲದ ಸಂಗತಿ ಇನ್ನೊಂದಿದೆ. ನೆಲದ ಎತ್ತರದ ಮಾಹಿತಿ ಈ ಅವಧಿಯಲ್ಲಿ ಹಲವು ಪಟ್ಟು ನಿಖರವಾಯಿತು. ಹಾಗಾದಂತೆ ಹಳೆಯ ಕಾಗದದ ನಕ್ಷೆಯ ಅಗತ್ಯ ಕಡಿಮೆಯಾಗಬೇಕಿತ್ತು. ಆದದ್ದು ಮಾತ್ರ ತದ್ವಿರುದ್ಧ.

ಮೊದಲ ಘಟ್ಟದಲ್ಲಿ ನಕ್ಷೆಗೆ ಇದ್ದ ಕೆಲಸ ಬಹಳ ಸಣ್ಣದು. ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಲೋಕವನ್ನು 2,048 ಮೀಟರ್ ಬದಿಯ ಚೌಕಗಳಾಗಿ ಕತ್ತರಿಸಿ, ಪ್ರತಿ 8 ಮೀಟರಿಗೊಂದು ಎತ್ತರದ ಬಿಂದುವನ್ನು ಕೇಳುತ್ತಿತ್ತು. ಆದರೆ ಜಗತ್ತಿನ ಹೆಚ್ಚಿನ ಭಾಗಕ್ಕೆ ಪುಕ್ಕಟೆಯಾಗಿ ದೊರೆಯುತ್ತಿದ್ದದ್ದು 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ದತ್ತಾಂಶ. ಅದರ ಬಿಂದುಗಳ ನಡುವಿನ ಅಂತರ ಸುಮಾರು 90 ಮೀಟರ್. ಸೆಟಲ್‌ನಿಂದ ಮೇಲೇರುವ ಮಾರ್ಗದ ಏರು ನೂರಕ್ಕೆ ಒಂದು, ಅಂದರೆ 90 ಮೀಟರಿಗೆ 90 ಸೆಂಟಿಮೀಟರ್. ಆ ರೇಡಾರ್ ಅಳತೆಗೆ ಗೊತ್ತುಪಡಿಸಿದ್ದ ತಪ್ಪಿನ ಮಿತಿಯೇ 16 ಮೀಟರ್. ಮರದ ತುದಿಯನ್ನೂ ಅದು ನೆಲವೆಂದು ಎಣಿಸುತ್ತದೆ. ಹತ್ತು ಮೀಟರ್ ಅಗಲವೂ ಇಲ್ಲದ ರೈಲಿನ ಏರಿ ಎರಡು ಬಿಂದುಗಳ ನಡುವೆ ಕಾಣದೆ ಹೋಗುತ್ತಿತ್ತು. ಆದ್ದರಿಂದ ಕಟ್ಟುವವರು ನಕ್ಷೆಯಿಂದ ಅಕ್ಷಾಂಶ-ರೇಖಾಂಶಗಳನ್ನು ಎತ್ತಿ, ಎಡಿಟರಿನಲ್ಲಿ ಗುರುತುಗಳನ್ನು ನೆಟ್ಟು, ಆ ಜಾಡಿನಲ್ಲಿ ಹಳಿ ಹಾಕುತ್ತಿದ್ದರು. ಹಳಿಯೂ ನಿಗದಿತ ಉದ್ದ, ನಿಗದಿತ ತಿರುವಿನ ತುಂಡುಗಳಲ್ಲಿ ಸಿಗುತ್ತಿತ್ತು. ನಕ್ಷೆಯ ತಿರುವು ಎಷ್ಟೇ ಸರಿಯಿರಲಿ, ಕೈಯಲ್ಲಿದ್ದ ತುಂಡಿಗೆ ಅದನ್ನು ಒಗ್ಗಿಸಲೇಬೇಕಿತ್ತು.

ಬದಲಾವಣೆ ತಂದದ್ದು ಗ್ರಂಥಾಲಯಗಳು. ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯವು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಇಂದಿನ ಭೂಮಿಯ ಮೇಲೆ ಕೂರುವಂತೆ ಹೊಂದಿಸಿ ಅಂತರ್ಜಾಲದಲ್ಲಿ ತೆರೆದಿಟ್ಟಿತು. ಟ್ರೈನ್ಜ್‌ಗೆ ಟ್ರಾನ್ಸ್‌ಡೆಮ್‌ನಂಥ ತಂತ್ರಾಂಶಗಳು ಬಂದು ಅಂಥ ಹಾಳೆಯನ್ನು ನೇರವಾಗಿ ಗುಡ್ಡದ ಮೇಲೆ ಹೊದಿಸಿದವು. 2007ರ ರೈಲ್ ಸಿಮ್ಯುಲೇಟರ್‌ನಲ್ಲಿ ಹಳಿ ಬೇಕಾದಂತೆ ಬಾಗಿತು. ಮೈಲಿಗೆ 25 ಇಂಚಿನ ಹಾಳೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಎರಡೂವರೆ ಮೀಟರ್. ಆ ಪ್ರಮಾಣದಲ್ಲಿ ಯಾರ್ಡಿನ ಪ್ರತಿ ಸೈಡಿಂಗ್, ತಿರುಗುಮೇಜು, ಸಿಗ್ನಲ್ ಕಂಬ, ಮೈಲಿಗಲ್ಲು ಕಾಣುತ್ತದೆ. ಕಾಣದಿರುವುದು ಹಳಿಯ ಎತ್ತರ. ಅದಕ್ಕೆ ರೈಲ್ವೆಯವರೇ ಪ್ರಕಟಿಸಿದ ಇಳಿಜಾರಿನ ನಕ್ಷೆಗಳು ಬೇಕು. ದೂರಕ್ಕೆ, ರೈಲು ಕಂಪನಿಗಳ ನಡುವಿನ ಲೆಕ್ಕ ತೀರಿಸುತ್ತಿದ್ದ ರೈಲ್ವೆ ಕ್ಲಿಯರಿಂಗ್ ಹೌಸಿನ ಜಂಕ್ಷನ್ ಪಟಗಳು ಬೇಕು, ಅದೂ ಮೈಲಿ ಮತ್ತು ಚೈನುಗಳಲ್ಲಿ. ಇವು ಮೂರೂ ಬೇರೆ ಬೇರೆ ಉದ್ದೇಶಕ್ಕೆ ಬೇರೆ ಬೇರೆ ಜನ ಮಾಡಿದ ಕಾಗದಗಳು. ಸಿಮ್ಯುಲೇಟರ್‌ನಲ್ಲಿ ಇವನ್ನು ಒಟ್ಟಿಗೆ ಕೂರಿಸಿದಾಗ ಲೆಕ್ಕ ಕೂಡಲೇಬೇಕು. ಒಂದು ಸೇತುವೆಯ ಮೇಲಿನ ಬೆಂಚ್ ಮಾರ್ಕಿನಿಂದ, ಅಂದರೆ ಸರ್ವೆಯವರು ಎತ್ತರ ಅಳೆದು ಕೆತ್ತಿದ ಗುರುತಿನಿಂದ, ಹೊರಟು ಇಳಿಜಾರುಗಳನ್ನು ಕೂಡುತ್ತ ಹೋದರೆ ಮುಂದಿನ ಬೆಂಚ್ ಮಾರ್ಕನ್ನು ಮುಟ್ಟಬೇಕು. ಮುಟ್ಟದಿದ್ದರೆ ಮೂರರಲ್ಲಿ ಯಾವುದೋ ಒಂದು ತಪ್ಪು. ಚರಿತ್ರಕಾರ ಪುಟದಲ್ಲಿ ಎರಡು ಊರುಗಳ ನಡುವಿನ ಹಾದಿಯನ್ನು ಒಂದು ವಾಕ್ಯದಲ್ಲಿ ದಾಟಬಹುದು. ಮಾರ್ಗ ಕಟ್ಟುವವರಿಗೆ ಆ ಸೌಲಭ್ಯವಿಲ್ಲ, ಒಂದು ಗಜವನ್ನೂ ಬಿಟ್ಟು ಹೋಗುವಂತಿಲ್ಲ. ಹೀಗಾಗಿ ಹಳೆಯ ನಕ್ಷೆಯನ್ನು ಇಷ್ಟು ಬಿಗಿಯಾಗಿ ಪರೀಕ್ಷೆಗೊಡ್ಡುವ ಕೆಲಸ ಮತ್ತೊಂದು ಕಾಣುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. 2015ರಲ್ಲಿ ಇಂಗ್ಲೆಂಡಿನ ಪರಿಸರ ಸಂಸ್ಥೆ ತನ್ನ ಲೈಡಾರ್ ದತ್ತಾಂಶವನ್ನು ಎಲ್ಲರಿಗೂ ಮುಕ್ತಗೊಳಿಸಿತು. ವಿಮಾನದಿಂದ ಲೇಸರ್ ಹಾಯಿಸಿ ಪಡೆದ ಈ ಅಳತೆಯಲ್ಲಿ ಬಿಂದುಗಳ ಅಂತರ ಒಂದು ಮೀಟರಿನಷ್ಟು. ಪೊದೆಗಳಡಿ ಮರೆಯಾದ ಏರಿಯೂ ಹಳಿಗಾಗಿ ನೆಲ ಕಡಿದು ಮಾಡಿದ ಕಟಿಂಗೂ ಎದ್ದು ಕಾಣುತ್ತವೆ. ಇನ್ನು ನೂರು ವರ್ಷ ಹಳೆಯ ಕಾಗದ ಯಾಕೆ? 1966ರ ಮಾರ್ಚ್ 7ರಂದು ಮುಚ್ಚಿದ ಸಾಮರ್‌ಸೆಟ್ ಅಂಡ್ ಡಾರ್ಸೆಟ್ ಮಾರ್ಗವನ್ನೇ ನೋಡಿ. ಬಾತ್‌ನಿಂದ ಬೋರ್ನ್‌ಮತ್‌ಗೆ ಹೋಗುತ್ತಿದ್ದ ಈ ಮಾರ್ಗ ಮೆಂಡಿಪ್ ಗುಡ್ಡಗಳಲ್ಲಿ ಐವತ್ತಕ್ಕೆ ಒಂದರ ಏರಿನಲ್ಲಿ 811 ಅಡಿ ಎತ್ತರದ ಮ್ಯಾಸ್‌ಬರಿಗೆ ಹತ್ತುತ್ತಿತ್ತು. ಉಳಿದಿರುವ ಏರಿಗಳನ್ನು ಲೈಡಾರ್ ಚೆನ್ನಾಗಿ ತೋರಿಸುತ್ತದೆ, ಸರಿ. ಆದರೆ 1,829 ಗಜದ ಕೂಂಬ್ ಡೌನ್ ಸುರಂಗದ ಒಳಗೆ ಅದಕ್ಕೆ ಕಣ್ಣಿಲ್ಲ. ಮಣ್ಣು ತುಂಬಿ ಮುಚ್ಚಿದ ಕಟಿಂಗ್ ಅದಕ್ಕೆ ಬರೀ ಹೊಲ. ಕೆಡವಿದ ಸೇತುವೆ ಬರೀ ಗಾಳಿ. ಹಳಿ ಒಂಟಿಯೋ ಜೋಡಿಯೋ ಎಂದು ಕೇಳಿದರೆ ಉತ್ತರವಿಲ್ಲ. ಲೈಡಾರ್ ಇಂದಿನ ನೆಲವನ್ನು ನಿಖರವಾಗಿ ಹೇಳುತ್ತದೆ. ಮಾರ್ಗ ಕಟ್ಟುವವರು ಕೇಳುತ್ತಿರುವ ಪ್ರಶ್ನೆ ಹಳಿ ಇನ್ನೂ ಇದ್ದ, ಉದಾಹರಣೆಗೆ 1955ರ, ನೆಲದ್ದು. ಅಷ್ಟೇ ಅಲ್ಲ, ನೆಲ ಇಷ್ಟು ನಿಖರವಾದ ಮೇಲೆ ಅದರ ಮೇಲೆ ಅಂದಾಜಿನ ಹಳಿ ಹಾಕಿದರೆ ತಪ್ಪು ತಕ್ಷಣ ಎದ್ದು ಕಾಣುತ್ತದೆ. 90 ಮೀಟರ್ ಕಾಲದಲ್ಲಿ ಯಾರೂ ಗಮನಿಸದ ಎರಡು ಮೀಟರ್ ವ್ಯತ್ಯಾಸ ಈಗ ಏರಿಯ ಅಂಚಿನಿಂದ ಹೊರಗೆ ತೇಲುವ ಹಳಿಯಾಗುತ್ತದೆ. ಮತ್ತೆ 25 ಇಂಚಿನ ಹಾಳೆ ಬಿಚ್ಚದೆ ಗತಿಯಿಲ್ಲ.

ಹಾಗೆಂದು ಆ ಹಾಳೆ ಪ್ರಮಾಣವಚನ ಮಾಡಿದ ಸಾಕ್ಷಿಯಲ್ಲ. ಅದರ ಕೆಳಗೆ ಸರ್ವೆ ಮಾಡಿದ ವರ್ಷ, ಪರಿಷ್ಕರಿಸಿದ ವರ್ಷ, ಮುದ್ರಿಸಿದ ವರ್ಷ ಬೇರೆ ಬೇರೆ ಇರುತ್ತವೆ. ಪಕ್ಕದ ಹಾಳೆ ಇನ್ನೊಂದು ದಶಕದ್ದಾಗಿರಬಹುದು. ಬೇರೆ ಬೇರೆ ಕೌಂಟಿಗಳಿಗೆ ಬೇರೆ ಬೇರೆ ಮೂಲರೇಖೆ ಇಟ್ಟುಕೊಂಡು ರಚಿಸಿದ್ದರಿಂದ ಗಡಿಯಲ್ಲಿ ಹಾಳೆಗಳು ನೇರವಾಗಿ ಕೂಡುವುದಿಲ್ಲ. ಎತ್ತರಗಳನ್ನು ಮೊದಲು ಲಿವರ್‌ಪೂಲಿನ ಸಮುದ್ರಮಟ್ಟದಿಂದ, ಆಮೇಲೆ ನ್ಯೂಲಿನ್‌ನಿಂದ ಎಣಿಸಿದರು. ಅಮೆರಿಕದವರ ಅದೃಷ್ಟ ಸ್ವಲ್ಪ ಮೇಲು. ಅಲ್ಲಿ 1913ರ ಕಾಯ್ದೆಯಂತೆ ರೈಲು ಕಂಪನಿಗಳ ಆಸ್ತಿಯ ಬೆಲೆ ಕಟ್ಟಲು ಹಳಿ ಹಳಿಯನ್ನೂ ನಕ್ಷೆಗಿಳಿಸಿದರು. ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ನಕ್ಷೆಗಳಲ್ಲಿ ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ ಕಟ್ಟಡಕ್ಕೆ ಹಳದಿ ಬಣ್ಣವಿರುವುದರಿಂದ ಗೋದಾಮಿನ ಗೋಡೆಗೆ ಏನು ಹಚ್ಚಬೇಕೆಂಬುದೂ ಗೊತ್ತಾಗುತ್ತದೆ. ಬೆಲೆ ಕಟ್ಟುವವರೂ ವಿಮೆಯವರೂ ನೋಡಿದಷ್ಟು ಗಮನದಿಂದ ಕವಿಗಳೂ ಊರನ್ನು ನೋಡಿರಲಿಕ್ಕಿಲ್ಲ!

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಸಿಮ್ಯುಲೇಟರ್‌ನಲ್ಲಿ ದಾಖಲೆಯಿಂದ ಬಂದ ಸಿಗ್ನಲ್ ಕಂಬವೂ ಊಹೆಯಿಂದ ನೆಟ್ಟ ಸಿಗ್ನಲ್ ಕಂಬವೂ ಒಂದೇ ಥರ ಹೊಳೆಯುತ್ತವೆ. ಪುಸ್ತಕದಲ್ಲಾದರೆ ‘ಇದ್ದಿರಬಹುದು’ ಎಂದು ಬರೆಯಬಹುದು. ಮೂರು ಆಯಾಮದ ಲೋಕದಲ್ಲಿ ಆ ಕ್ರಿಯಾಪದ ಇಲ್ಲ. ಇದನ್ನು ಅಲ್ಲಗಳೆಯಲಾಗದು. ಸಮಾಧಾನದ ಅಂಶವಿಷ್ಟು: ಚೆನ್ನಾಗಿ ಕೆಲಸ ಮಾಡುವವರು ಮಾರ್ಗದೊಂದಿಗೆ ಕೊಡುವ ಟಿಪ್ಪಣಿಯಲ್ಲಿ ತಮ್ಮ ಆಧಾರವರ್ಷವನ್ನೂ ಬಳಸಿದ ಹಾಳೆಗಳನ್ನೂ ಹೇಳುತ್ತಾರೆ. ಆದರೆ ಪ್ರತಿ ವಸ್ತುವಿಗೂ ಅದರ ಆಕರವನ್ನು ಅಂಟಿಸುವ ಪದ್ಧತಿ ಇನ್ನೂ ರೂಢಿಗೆ ಬಂದಿಲ್ಲ. ಬರುವವರೆಗೆ ಇಂಥ ಮಾರ್ಗವನ್ನು ಚರಿತ್ರೆಯ ಆಕರವೆನ್ನದೆ, ಆಕರಗಳ ಒಂದು ಓದು ಎನ್ನುವುದೇ ಸರಿ.

ಇಂದಿನ ನೆಲವೇ ಸಾಕಾಗುವ ಮಾರ್ಗಕ್ಕೂ ಹಳೆಯ ಕಾಗದವೇ ಬೇಕಾಗುವ ಮಾರ್ಗಕ್ಕೂ ಇರುವ ವ್ಯತ್ಯಾಸ ಕರ್ನಾಟಕಕ್ಕೆ ಬಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ಘಾಟಿಯ 57 ಸುರಂಗಗಳು ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೂ ಅಲ್ಲೇ ಇವೆ. ಅಲ್ಲಿಯ ಮೀಟರ್ ಗೇಜ್ ಕಾಲವನ್ನು ಕಟ್ಟಲು ಇಂದಿನ ನೆಲ ಬಹುಮಟ್ಟಿಗೆ ಸಾಕು. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಮೂಲಕ ಯಲಹಂಕಕ್ಕೆ ಬರುತ್ತಿದ್ದ ನ್ಯಾರೋ ಗೇಜ್ ರೈಲಿನ ನಿಲ್ದಾಣದ ಅಂಗಳಗಳಿಗೆ ಆ ಮಾತು ಅನ್ವಯಿಸದು. ಸರ್ವೆ ಆಫ್ ಇಂಡಿಯಾದ ದೊಡ್ಡ ಪ್ರಮಾಣದ ಹಾಳೆಗಳು ದಶಕಗಳ ಕಾಲ ನಿರ್ಬಂಧದಲ್ಲಿದ್ದವು. ನಿಯಮಗಳು ನಿಜವಾಗಿ ಸಡಿಲವಾದದ್ದು 2021ರಲ್ಲಿ. ಅಲ್ಲಿಯವರೆಗೆ ಸುಲಭವಾಗಿ ಕೈಗೆ ಸಿಗುತ್ತಿದ್ದದ್ದು 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷೆ ಇಲಾಖೆ ಮುದ್ರಿಸಿದ, ಟೆಕ್ಸಾಸ್ ವಿಶ್ವವಿದ್ಯಾಲಯ ಅಂತರ್ಜಾಲಕ್ಕೆ ಹಾಕಿದ ಹಾಳೆಗಳು. ಅವುಗಳಲ್ಲಿ ಒಂದು ಮಿಲಿಮೀಟರಿಗೆ 250 ಮೀಟರ್. ಇಡೀ ನಿಲ್ದಾಣ ಒಂದು ಚುಕ್ಕೆಯೊಳಗೆ ಮುಗಿಯುತ್ತದೆ. ಎಷ್ಟು ಲೂಪ್ ಹಾದಿಗಳಿದ್ದವು, ನೀರಿನ ಟ್ಯಾಂಕು ಯಾವ ತುದಿಯಲ್ಲಿತ್ತು ಎಂಬುದಕ್ಕೆ ರೈಲ್ವೆಯ ಯಾರ್ಡ್ ಪ್ಲಾನುಗಳನ್ನೂ ಹಳೆಯ ವರ್ಕಿಂಗ್ ಟೈಮ್‌ಟೇಬಲ್‌ಗಳನ್ನೂ ಹುಡುಕಬೇಕು. ಅವು ಸ್ಕ್ಯಾನ್ ಆಗಿ ಹೊರಬರುವ ತನಕ ಆ ಮಾರ್ಗದಲ್ಲಿ ಕಟ್ಟಬಹುದಾದದ್ದು ಊರುಗಳ ನಡುವಿನ ಹಾದಿಯನ್ನಷ್ಟೇ.