‘ಮಾರ್ಗ್’ ಪತ್ರಿಕೆಯಲ್ಲಿ ಮಾರ್ಗ ಮತ್ತು ದೇಸಿ

ಮುಲ್ಕ್ ರಾಜ್ ಆನಂದ್ ಅವರ ಸಂಪಾದಕತ್ವದಲ್ಲಿ 1946ರಲ್ಲಿ ಮುಂಬಯಿಯಿಂದ ಹೊರಟ ಇಂಗ್ಲಿಷ್ ತ್ರೈಮಾಸಿಕ ‘ಮಾರ್ಗ್’. ಮಾಡರ್ನ್ ಆರ್ಕಿಟೆಕ್ಚರಲ್ ರಿಸರ್ಚ್ ಗ್ರೂಪ್ ಎಂಬ ಬಳಗದ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಈ ಹೆಸರನ್ನು ಇಡಲಾಯಿತು. ಸಂಸ್ಕೃತದ ದಾರಿ ಎಂಬ ಅರ್ಥವೂ ಅದರಲ್ಲಿದೆ. ಕನ್ನಡದ ಓದುಗರಿಗೆ ಇನ್ನೊಂದು ಅರ್ಥ ಹೊಳೆಯದಿರದು. ಕನ್ನಡ ಕಾವ್ಯವಿಚಾರದಲ್ಲಿ ಮಾರ್ಗವೆಂದೊಡನೆ ದೇಸಿಯೂ ಎದುರಿಗೆ ಬಂದು ನಿಲ್ಲುತ್ತದೆ.

ಪತ್ರಿಕೆಯ ಹುಟ್ಟಿಗೆ ಮೈಸೂರು ಸಂಸ್ಥಾನದ ನಂಟೂ ಇದೆ. ನಾಜಿಗಳ ಕಾಲದಲ್ಲಿ ಜರ್ಮನಿಯನ್ನು ತೊರೆದು, 1939ರಲ್ಲಿ ಇಲ್ಲಿಗೆ ಬಂದು, ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಆಟೋ ಕೋನಿಗ್ಸ್‌ಬರ್ಗರ್ ಆರಂಭದ ಸಂಗಡಿಗರಲ್ಲೊಬ್ಬರು. ಸಿಂಹಳದ ಅನಿಲ್ ಡಿ ಸಿಲ್ವ ಸಹಾಯಕ ಸಂಪಾದಕಿಯಾಗಿದ್ದರು. ಅವರ ತಂಗಿ, ವಾಸ್ತುಶಿಲ್ಪಿ ಮಿನೆಟ್ ಕೂಡ ಬಳಗದಲ್ಲಿದ್ದರು. ‘ಮಾರ್ಗ್’ ಸರ್ಕಾರದ ಮುಖವಾಣಿಯಾಗಿರಲಿಲ್ಲ. ಆದರೆ ಟಾಟಾ ಸಂಸ್ಥೆಗಳ ಜಾಹೀರಾತಿನ ಆಸರೆಯಿಲ್ಲದೆ ಅದು ನಿಲ್ಲುತ್ತಲೂ ಇರಲಿಲ್ಲ. ಅದರ ಸ್ವಾತಂತ್ರ್ಯವನ್ನು ಈ ಮಿತಿಯೊಳಗೇ ಗ್ರಹಿಸಬೇಕು. ಈ ಮಿತಿಯಲ್ಲೂ ಅದರ ಮಾತಿಗೆ ತೂಕವಿತ್ತು. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಅವರು ಕೊಲ್ಲಿಯಾಚೆಗೆ ಹೊಸ ಮುಂಬಯಿಯನ್ನು ಕಟ್ಟುವ ಸಲಹೆಯನ್ನು 1965ರಲ್ಲಿ ಮಂಡಿಸಿದ್ದು ಇದರ ಪುಟಗಳಲ್ಲೇ.

ಜಾನಪದದ ದೃಷ್ಟಿಯಿಂದ ಮುಖ್ಯವಾದುದು ಬೇರೆ. ಖಜುರಾಹೊ ದೇಗುಲಗಳಿಗೆ ಸಂದ ಹೊಳಪು ಕಾಗದವೂ ದೊಡ್ಡ ಚಿತ್ರಗಳೂ ಬಟ್ಟೆಗೂ ಸಂದವು. 1962ರಲ್ಲಿ ಭಾರತದ ವಸ್ತ್ರ ಮತ್ತು ಕಸೂತಿ ಕಲೆಗೇ ಒಂದು ಸಂಚಿಕೆ ಮೀಸಲಾಯಿತು. ಅರಮನೆ, ಗುಡಿಗಳ ಕಲೆಯ ಪಕ್ಕದಲ್ಲಿ ಮನೆಯ ಹೊಲಿಗೆಗೆ ಸಿಕ್ಕ ಈ ಸ್ಥಾನ ಸಣ್ಣದಲ್ಲ.

ಆದರೆ ಸ್ಥಾನ ದೊರೆತದ್ದು ವಸ್ತುವಿಗೆ. ‘ಮಾರ್ಗ್’ 1977ರಲ್ಲಿ ಹೊಯ್ಸಳ ಕಲೆಯನ್ನು ಕುರಿತು ಸಂಪುಟವನ್ನು ತಂದಿತು. ದಾಸೋಜ, ಮಲ್ಲಿತಮ್ಮ ಮೊದಲಾದ ಶಿಲ್ಪಿಗಳು ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದರಿಂದ ಕಲಾಚರಿತ್ರೆ ಅವರನ್ನು ಗುರುತಿಸಬಲ್ಲುದು. ಧಾರವಾಡ ಸೀಮೆಯ ಹೆಣ್ಣುಮಕ್ಕಳು ಎಳೆಗಳನ್ನೆಣಿಸಿ ಗವಂತಿ, ಮೆಂತೆ ಹೊಲಿಗೆಗಳಲ್ಲಿ ಇಳಕಲ್ಲ ಸೀರೆಯ ಮೇಲೆ ಗೋಪುರ, ತೇರು, ಅಂಬಾರಿ ಆನೆಗಳನ್ನು ಮೂಡಿಸಿದರೇ ಹೊರತು ಹೆಸರನ್ನು ಹಾಕಲಿಲ್ಲ. ಅಂಥ ಬಟ್ಟೆ ಕಲಾಗ್ರಂಥಕ್ಕೆ ಬಂದಾಗ ಅದರಡಿಯಲ್ಲಿ ಪ್ರದೇಶ, ಶೈಲಿ, ಶತಮಾನಗಳು ಅಚ್ಚಾಗುತ್ತವೆ. ಬಹುಮಟ್ಟಿಗೆ ಅದನ್ನು ಕೊಂಡು ಕಾಪಿಟ್ಟ ಸಂಗ್ರಾಹಕರ ಹೆಸರೂ ಅಚ್ಚಾಗುತ್ತದೆ. ಹೊಲಿದವಳ ಹೆಸರನ್ನು ಕೇಳಿದರೆ ಹೇಳಬಲ್ಲವರು ಊರಿನಲ್ಲಿ ಇದ್ದೇ ಇದ್ದರು. ಆ ಹೆಸರು ಕಾಲದ ಹೊಡೆತಕ್ಕೆ ಅಳಿದದ್ದಲ್ಲ, ಬರೆದುಕೊಳ್ಳದೆ ಬಿಟ್ಟದ್ದು.