ಕಂದು ಟೊಪ್ಪಿಯ ಕಿರು ಅಣಬೆ: ಗುರುತು ತಪ್ಪಿದರೆ ಪ್ರಾಣಕ್ಕೇ ಸಂಚಕಾರ

ಶರತ್ಕಾಲದ ಮಳೆ ಬಿದ್ದ ಮೇಲೆ ಬುಟ್ಟಿ ಹಿಡಿದು ಕಾಡಿಗೆ ಅಣಬೆ ಆಯಲು ಹೋಗುವುದು ಜರ್ಮನಿಯ ಹಳೆಯ ವಾಡಿಕೆ. ಅಲ್ಲಿ ಕೊಳೆಯುತ್ತಿರುವ ಮರದ ಬೊಡ್ಡೆಗಳ ಮೇಲೆ ಗುಂಪಾಗಿ ಏಳುವ ಕಂದು ಬಣ್ಣದ ಕಿರು ಅಣಬೆಗಳಲ್ಲಿ ಎರಡು ಜಾತಿಗಳು ಅವಳಿಗಳಂತೆ ಕಾಣುತ್ತವೆ. ಸಾರಿಗೆ ರುಚಿಯೆಂದು ಜನ ಹುಡುಕುವ ಅಣಬೆ ‘ಸ್ಟಾಕ್‌ಶ್ವೆಮ್ಶೆನ್’. ಇನ್ನೊಂದು, ಮಾರಕವಾದ ‘ಗಿಫ್ಟ್‌ಹೊಯ್ಬ್ಲಿಂಗ್’. ಶಾಸ್ತ್ರೀಯ ಹೆಸರು ಗ್ಯಾಲರಿನಾ ಮಾರ್ಜಿನೇಟಾ. ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ಉಡುಗೊರೆಯಲ್ಲ, ವಿಷ!

ಅಣಬೆ ಗುರುತಿಸುವವರ ಮೊದಲ ಸಾಧನ ಬೀಜಕಣಗಳ ಅಚ್ಚು. ಟೊಪ್ಪಿಯನ್ನು ಕಾಗದದ ಮೇಲೆ ಬೋರಲಾಗಿಸಿ, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಉದುರಿದ ಪುಡಿಯ ಬಣ್ಣ ತಿಳಿಯುತ್ತದೆ. ಆದರೆ ಈ ಜೋಡಿಯಲ್ಲಿ ಎರಡರ ಪುಡಿಯೂ ಕಂದು. ಪರೀಕ್ಷೆ ಇಲ್ಲಿ ಕೈಕೊಡುತ್ತದೆ. ಉಳಿಯುವುದು ಕಾಂಡ. ಎರಡಕ್ಕೂ ಕಾಂಡದ ಮೇಲೆ ತೆಳು ಉಂಗುರವಿದೆ. ಅದರ ಕೆಳಗೆ ಕಂದು ಬಣ್ಣದ ಸಣ್ಣ ಹುರುಪೆಗಳಿದ್ದರೆ ತಿನ್ನುವ ಜಾತಿ; ಹುರುಪೆಯಿಲ್ಲದೆ ಬಿಳಿಯ ನಾರೆಳೆಗಳಷ್ಟೇ ಇದ್ದರೆ ವಿಷದ್ದು. ಈ ಗುರುತನ್ನೂ ಪೂರ್ಣ ನಂಬುವಂತಿಲ್ಲ, ಏಕೆಂದರೆ ಹುರುಪೆಗಳು ಮಳೆಗೆ ತೊಳೆದುಹೋಗಬಹುದು. ವಿಷದ ಅಣಬೆ ಪೈನ್, ಸ್ಪ್ರೂಸ್ ಮರಗಳನ್ನು ಹೆಚ್ಚು ಮೆಚ್ಚಿದರೂ ಅಗಲ ಎಲೆಯ ಮರಗಳ ಮೇಲೂ ಬೆಳೆಯುತ್ತದೆ. ಒಂದೇ ಬೊಡ್ಡೆಯಲ್ಲಿ ಎರಡೂ ಸಿಗಬಹುದಾದ್ದರಿಂದ ಪ್ರತಿಯೊಂದನ್ನೂ ಬೇರೆಬೇರೆಯಾಗಿ ನೋಡಬೇಕು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಅನುಮಾನ ಕಳೆಯುತ್ತದೆ: ವಿಷದ್ದರ ಬೀಜಕಣ ಒರಟು, ತಿನ್ನುವುದರದು ನುಣುಪು.

ಹಿಂದೆ ‘ಶರತ್ಕಾಲದ ಗ್ಯಾಲರಿನಾ’ ಮುಂತಾಗಿ ಬೇರೆಬೇರೆ ಹೆಸರಿನಲ್ಲಿದ್ದ ಹಲವು ಅಣಬೆಗಳು ಒಂದೇ ಜಾತಿಯವೆಂದು 2001ರ ಡಿಎನ್‌ಎ ಅಧ್ಯಯನ ತೋರಿಸಿತು.

ಇದರಲ್ಲಿರುವ ಅಮಾಟಾಕ್ಸಿನ್ ವಿಷ ಬೇಯಿಸಿದರೂ ಒಣಗಿಸಿದರೂ ನಾಶವಾಗದು. ತಿಂದ 6ರಿಂದ 24 ಗಂಟೆಗಳ ನಂತರವೇ ವಾಂತಿ, ಭೇದಿ ತೊಡಗುತ್ತವೆ. ಬಳಿಕ ರೋಗಿ ಚೇತರಿಸಿಕೊಂಡಂತೆ ಕಾಣುವ ಅವಧಿಯೊಂದು ಬರುತ್ತದೆ; ಆಗಲೇ ಯಕೃತ್ತು ಒಳಗೊಳಗೇ ಹಾಳಾಗುತ್ತಿರುತ್ತದೆ. ಈ ಸುಳ್ಳು ಚೇತರಿಕೆಗೆ ಮೋಸಹೋಗಿ ಆಸ್ಪತ್ರೆಗೆ ತಡಮಾಡುವುದೇ ದೊಡ್ಡ ಅಪಾಯ. ಬೆಳ್ಳಿ ನಾಣ್ಯ ಕಪ್ಪಾಗುತ್ತದೆ, ಹುಳು ತಿಂದದ್ದು ನಿರಪಾಯ ಎಂಬ ನಂಬಿಕೆಗಳಿಗೆ ಯಾವ ಆಧಾರವೂ ಇಲ್ಲ.

ಮಲೆನಾಡಿನಲ್ಲಿ ಮಳೆಗಾಲದಲ್ಲಿ ಹುತ್ತದ ಅಣಬೆ ಆಯ್ದು ರೂಢಿಯಿರುವ ಕನ್ನಡಿಗರಿಗೂ ಆ ಅನುಭವ ಅಲ್ಲಿನ ಕಾಡಿನಲ್ಲಿ ನೆರವಿಗೆ ಬಾರದು. ಜರ್ಮನಿಯ ಅಣಬೆಶಾಸ್ತ್ರ ಸಂಘದಿಂದ ಪರೀಕ್ಷೆ ಮುಗಿಸಿ ಮಾನ್ಯತೆ ಪಡೆದ ಪರಿಣತರು ಬುಟ್ಟಿಯನ್ನು ಪರಿಶೀಲಿಸಿ ಹೇಳುತ್ತಾರೆ. ಅವರಿಗೆ ತೋರಿಸುವಾಗ ಅಣಬೆಯನ್ನು ಕತ್ತರಿಸದೆ ಬುಡಸಮೇತ ಒಯ್ಯಬೇಕು.