ಲಾಡ್ ಖಾನನ ಮನೆ

ಐಹೊಳೆಯ ಗುಡಿಗಳ ಹೆಸರುಗಳನ್ನು ಒಂದಾದ ಮೇಲೊಂದು ಹೇಳಿ ನೋಡಿ. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ, ಲಾಡ್ ಖಾನ್ ಗುಡಿ. ದೇವರ ಪಟ್ಟಿಗಿಂತ ಊರೊಳಗಿನ ಮನೆತನಗಳ ಪಟ್ಟಿಯಂತೆ ಕೇಳಿಸುತ್ತದೆ. ದುರ್ಗದ ಗುಡಿಗೂ ದುರ್ಗಾದೇವಿಗೂ ಸಂಬಂಧವಿಲ್ಲ, ಅದು ಕೋಟೆಯ ‘ದುರ್ಗ’ದಿಂದ ಬಂದ ಹೆಸರು. ಕಟ್ಟಿಸಿದ ಅರಸರೂ ಒಳಗೆ ನೆಲೆಸಿದ್ದ ದೇವರೂ ಮರೆತುಹೋಗಿ, ಆಮೇಲೆ ಬಂದು ಅಲ್ಲಿ ಬಾಳಿದವರ ಹೆಸರು ಉಳಿದುಕೊಂಡಿತು. ಶಿವಲಿಂಗವಿರುವ ಗುಡಿಗೆ ಲಾಡ್ ಖಾನ್ ಎಂಬ ಮುಸಲ್ಮಾನನ ಹೆಸರು ಅಂಟಿಕೊಂಡದ್ದು ಹೀಗೆ. ಆತ ಅಲ್ಲಿ ಸಂಸಾರ ಹೂಡಿದ್ದನಂತೆ.

ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಈ ಹಳ್ಳಿಯಲ್ಲಿ ನೂರಕ್ಕೂ ಮೀರಿ ಗುಡಿಗಳಿವೆ. ಮೇಗುತಿ ಗುಡ್ಡದ ಮೇಲೆ ರವಿಕೀರ್ತಿಯ ಕ್ರಿ.ಶ. 634ರ ಶಾಸನವಿದೆ. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘ ಇಲ್ಲಿಯ ಹೆಸರನ್ನು ದಕ್ಷಿಣ ದೇಶದ ತುಂಬ ಹೊತ್ತು ತಿರುಗಿತು. ಚಾಲುಕ್ಯರು ಹೋದರು, ವರ್ತಕರೂ ಹೋದರು. ಉಳಿದದ್ದು ಕಲ್ಲು. ಒಕ್ಕಲು ಮಾಡುವವನಿಗೆ ಬೇಕಾದದ್ದು ಬಿಸಿಲಿಗೆ ನೆರಳು, ಮಳೆಗೆ ಮಾಡು, ದನಕ್ಕೊಂದು ಗ್ವಾದಲಿ. ಮೂರು ಗೋಡೆ ತಯಾರಿರುವಾಗ ನಾಲ್ಕನೆಯದನ್ನು ಮಣ್ಣಿನಲ್ಲಿ ಎತ್ತಿಕೊಳ್ಳುವುದು ಎಷ್ಟರ ಕೆಲಸ? ಅವರನ್ನು ಗುಡಿ ಕೆಡಿಸಿದವರೆಂದು ಬೈಯುವವರ ಜೊತೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಜನ ಇದ್ದ ಕಟ್ಟಡದ ಮೇಲೆ ಆಲದ ಸಸಿ ಬೇರು ಬಿಡುವುದಿಲ್ಲ, ಯಾರಾದರೊಬ್ಬರು ಕಿತ್ತು ಹಾಕುತ್ತಾರೆ.

ಲಾಡ್ ಖಾನ್ ಗುಡಿಯ ವಿಶೇಷವೆಂದರೆ ಅದು ಗುಡಿಯಂತೆ ಕಾಣುವುದೇ ಇಲ್ಲ. ಎತ್ತರದ ಶಿಖರವಿಲ್ಲ. ಚೌಕನೆಯ ದೊಡ್ಡ ಅಂಕಣ, ನಡುವೆ ನಾಲ್ಕು ಕಂಬ, ಅವುಗಳ ಸುತ್ತ ಹನ್ನೆರಡು ಕಂಬಗಳ ಇನ್ನೊಂದು ಸಾಲು. ನಡುಭಾಗದ ಮಾಡು ಎತ್ತರ, ಸುತ್ತಲಿನದು ತಗ್ಗಿ ಹೊರಕ್ಕೆ ಇಳಿಜಾರಾಗಿದೆ. ಗರ್ಭಗುಡಿಗೆ ಬೇರೆ ಕಟ್ಟಡವಿಲ್ಲ, ಹಿಂದಿನ ಗೋಡೆಗೆ ಹತ್ತಿಸಿ, ನಾವು ದೇವರ ಕೋಣೆ ಮಾಡಿಕೊಳ್ಳುವ ಹಾಗೆಯೇ ಮಾಡಿದ್ದಾರೆ. ಗೋಡೆಯಲ್ಲಿ ಕಲ್ಲಿನ ಜಾಲಂಧ್ರಗಳು. ಮುಂದೆ ಹನ್ನೆರಡು ಕಂಬಗಳ ಮುಖಮಂಟಪ, ಅದರ ಅಂಚಿಗೆ ಕೂರಲು ಒರಗುಗಟ್ಟೆ, ಕಟ್ಟೆಯ ಹೊರಮೈಗೆ ಸಾಲಾಗಿ ಪೂರ್ಣಕುಂಭಗಳು. ಮಾಳಿಗೆಯ ಮೇಲೊಂದು ಪುಟ್ಟ ಗುಡಿ, ಅಲ್ಲಿಗೆ ಹತ್ತಲು ಕಲ್ಲಿನಲ್ಲೇ ಕಡೆದ ನಿಚ್ಚಣಿಕೆ.

ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಯಲ್ಲಿ ಬೆಳೆದವರು ಈ ವಿವರಗಳನ್ನು ಓದುವಾಗಲೇ ತಲೆಯಾಡಿಸಿರುತ್ತೀರಿ. ಕಟ್ಟೆ, ಪಡಸಾಲೆ, ನಡುಮನೆಯ ಕಂಬಗಳು, ಕಂಬದ ಮೇಲಿನ ಬೋದಿಗೆ, ಒಳಗಿನ ಕತ್ತಲೆ ದೇವರ ಕೋಣೆ, ಸಂಡಿಗೆ ಹರವಲು ಹತ್ತುವ ನಿಚ್ಚಣಿಕೆ. ಮನೆಯಲ್ಲಿ ಮರದ್ದು, ಇಲ್ಲಿ ಕಲ್ಲಿನದು. ಅಷ್ಟೇ ವ್ಯತ್ಯಾಸ ಎನಿಸಿಬಿಡುತ್ತದೆ.

ಒಮ್ಮೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಕಂಬದ ಮೇಲಿನ ಮಿಥುನಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ತಲೆ ಎತ್ತಿ ಮಾಡನ್ನೇ ನೋಡುತ್ತ ನಿಂತರು. ಅಲ್ಲಿ ಅಗಲವಾದ ಚಪ್ಪಡಿಗಳನ್ನು ಇಳಿಜಾರಾಗಿ ಹೊದಿಸಿ, ಎರಡು ಚಪ್ಪಡಿ ಕೂಡುವ ಸಂದಿನ ಮೇಲೆಲ್ಲ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಕೂರಿಸಿದ್ದಾರೆ. ದೂರದಿಂದ ಮರದ ತೊಲೆಗಳನ್ನು ಸಾಲಾಗಿ ಮಲಗಿಸಿದಂತೆ ಕಾಣುತ್ತದೆ. “ಸೋರಬಾರದಂತ ಹಾಕ್ಯಾರ ನೋಡವಾ” ಎಂದರು. ಮಳೆಗಾಲದಲ್ಲಿ ಮೇಲ್ಮುದ್ದೆಯ ಮನೆಯೊಳಗೆ ಪಾತ್ರೆ ಹಿಡಿದು ಓಡಾಡಿದವರಿಗೆ ಮೊದಲು ಕಣ್ಣಿಗೆ ಬೀಳುವುದೇ ಅದು. ಮರದ ಮನೆ ಕಟ್ಟುತ್ತಿದ್ದ ಕೈಗಳೇ ಕಲ್ಲಿಗೆ ಬಂದಾಗ ಹಳೆಯ ರೂಢಿಯನ್ನು ಜೊತೆಗೆ ತಂದವೆಂದು ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಅತ್ತೆಯವರದೂ ಅದೇ ಮಾತು, ಬಾಣಲೆಯ ಕಡೆಯಿಂದ.

ವಿದ್ವಾಂಸರಲ್ಲೂ ಇದು ಗುಡಿಯೆಂದು ಹುಟ್ಟಿತೇ ಎಂಬ ಸಂಶಯವಿತ್ತು. ಪರ್ಸಿ ಬ್ರೌನ್ ಇದನ್ನು ಮೂಲತಃ ಊರ ಹಿರಿಯರು ಸೇರುವ ಸಭಾಮಂಟಪ, ಅಂದರೆ ನಮ್ಮ ಚಾವಡಿಯಂಥದು, ಆಮೇಲೆ ದೇವರನ್ನು ಒಳಗೆ ತಂದರು ಎಂದು ಊಹಿಸಿದ. ಹೆನ್ರಿ ಕಸಿನ್ಸ್ ಕಾಲದಲ್ಲಿ ಇದನ್ನು ಕ್ರಿ.ಶ. 450ರಷ್ಟು ಹಿಂದಕ್ಕೆ ಒಯ್ದಿದ್ದರು. ಈಚಿನವರು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯ ಶತಮಾನ ಎನ್ನುತ್ತಾರೆ. ಮೊದಲು ಸರಳ, ಆಮೇಲೆ ಅಲಂಕಾರ ಎಂಬ ಲೆಕ್ಕ ಕಟ್ಟಡಕ್ಕೆ ಯಾವಾಗಲೂ ಹೊಂದುವುದಿಲ್ಲ.

ಮನೆಯೆಂದ ಮೇಲೆ ಒಲೆ ಇದ್ದೇ ಇರಬೇಕು. ಲಾಡ್ ಖಾನನ ಮನೆಯ ಹೆಂಗಸು ಒಲೆಯನ್ನು ನಂದಿಯ ಯಾವ ಮಗ್ಗುಲಿಗೆ ಹೂಡಿದ್ದಳು? ಹೊಗೆ ಜಾಲಂಧ್ರದಲ್ಲಿ ಹೋಗುತ್ತಿತ್ತೇ? ಬಾಣಂತಿಯ ಮಂಚ ಎಲ್ಲಿತ್ತು? ಮನೆಯ ಹೆಸರು ಯಜಮಾನನದಾಗಿ ಸರ್ಕಾರದ ಫಲಕದವರೆಗೂ ಬಂತು. ಆ ಚೌಕವನ್ನು ದಿನವೂ ಗುಡಿಸಿದವಳ ಹೆಸರನ್ನು ಯಾರೂ ಕೇಳಿಕೊಳ್ಳಲಿಲ್ಲ.

ಮುಂದೆ ಪುರಾತತ್ವ ಇಲಾಖೆ ಬಂತು, ಗುಡಿಯೊಳಗಿನ ಸಂಸಾರಗಳು ಹೊರಬಿದ್ದವು. ಅದು ಆಗದಿದ್ದರೆ ಇಂದು ನೋಡಲು ಇಷ್ಟು ಉಳಿಯುತ್ತಿರಲಿಲ್ಲ ಎಂಬುದೂ ನಿಜವೇ. ತೊಡಕಿರುವುದು ಗುಡಿಗೆ ಹೊಂದಿಕೊಂಡೇ ಬೆಳೆದ ಊರಿಗೆ. 1958ರ ಕಾಯಿದೆಯಡಿ 1992ರಲ್ಲಿ ಹೊರಟ ಆದೇಶ ಸ್ಮಾರಕದ ಸುತ್ತ 100 ಮೀಟರನ್ನು ನಿಷೇಧಿತವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತವೆಂದೂ ಗುರುತಿಸಿತು. 2010ರ ತಿದ್ದುಪಡಿ ಇದನ್ನು ಕಾಯಿದೆಯೊಳಗೇ ಸೇರಿಸಿ ಬಿಗಿಗೊಳಿಸಿತು. ಓಣಿಗೊಂದು ಗುಡಿ ಇರುವ ಊರಿನಲ್ಲಿ ನೂರು ಮೀಟರಿನ ವೃತ್ತಗಳನ್ನು ಎಳೆಯುತ್ತ ಹೋದರೆ ಒಂದರ ಮೇಲೊಂದು ಬೀಳುತ್ತವೆ. ಇದ್ದ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಮಗನಿಗೆ ಮದುವೆಯಾಯಿತೆಂದು ಇನ್ನೊಂದು ಕೋಣೆ ಎತ್ತುವಂತಿಲ್ಲ.

ಈ ಕಾಯಿದೆಯಲ್ಲಿ ‘ಕಟ್ಟಡ ಕಟ್ಟುವುದು’ ಎಂದರೇನೆಂದು ವಿವರಿಸಿದ್ದಾರೆ. ಸಾರ್ವಜನಿಕ ಶೌಚಾಲಯವನ್ನು ಅದರಿಂದ ಹೊರಗಿಟ್ಟಿದ್ದಾರೆ. ಮನೆಗೆ ಹೊಸದಾಗಿ ಸೇರಿಸುವ ಯಾವ ಕಟ್ಟಡವೂ ಒಳಗೇ ಬರುತ್ತದೆ. ಅಂದರೆ ಪ್ರವಾಸಿಗಳಿಗೆ ಅನುಕೂಲ ಕಟ್ಟಲು ಅಡ್ಡಿಯಿಲ್ಲ, ಹಿತ್ತಲಲ್ಲಿ ಸೊಸೆಗೊಂದು ಬಚ್ಚಲು ಕಟ್ಟಲು ಅಡ್ಡಿಯಿದೆ. ಬರೆದವರು ಇದನ್ನು ಉದ್ದೇಶಪಟ್ಟು ಬರೆದಿರಲಾರರು. ಆದರೆ ಕತ್ತಲಾಗುವವರೆಗೆ ಕಾಯಬೇಕಾದವರು ಯಾರೂ ಆ ಮೇಜಿನ ಸುತ್ತ ಕೂತಿರಲಿಲ್ಲವೆಂಬುದು ಗೊತ್ತಾಗುತ್ತದೆ. ಊರನ್ನೇ ಎತ್ತಿ ಬೇರೆಡೆ ಇಡುವ ಮಾತಂತೂ ದಶಕಗಳಿಂದ ಬಂದುಹೋಗುತ್ತಿದೆ. ಹಾಗೆಂದಾಗೆಲ್ಲ, ಗೋಡೆಗೆ ಸುಣ್ಣ ಬಳಿಯುವುದೋ ಬೇಡವೋ ಎಂದು ಮನೆಮನೆಯಲ್ಲೂ ಒಂದು ವರ್ಷ ಮುಂದೂಡುತ್ತಾರೆ.

ಈಗ ಲಾಡ್ ಖಾನ್ ಗುಡಿಯ ಸುತ್ತ ಹುಲ್ಲುಹಾಸಿದೆ, ಬೇಲಿಯಿದೆ, ಒಳಹೋಗಲು ಟಿಕೆಟ್ಟಿದೆ. ಮುಖಮಂಟಪದ ಒರಗುಗಟ್ಟೆ ನುಣ್ಣಗಿದೆ, ಬಿಸಿಲು ಹೊತ್ತಿನಲ್ಲೂ ತಣ್ಣಗಿರುತ್ತದೆ. ನಾವು ಹೋದ ದಿನ ಹುಲ್ಲು ಕೀಳಲು ಬಂದಿದ್ದ ಊರ ಹೆಂಗಸರು ಮಧ್ಯಾಹ್ನ ಬುತ್ತಿಯ ಗಂಟುಗಳನ್ನು ಹಿಡಿದು ಬೇಲಿಯಾಚೆಯ ಬೇವಿನ ನೆರಳಿಗೆ ಹೋದರು. ಅತ್ತೆಯವರು ಮಾತ್ರ ಟಿಕೆಟ್ಟು ಕೊಂಡಿದ್ದೇನೆಂಬ ಧೈರ್ಯದಲ್ಲಿ ಆ ಕಟ್ಟೆಯ ಮೇಲೆ ಕಾಲು ಚಾಚಿ ಅರ್ಧ ಗಂಟೆ ಕೂತಿದ್ದರು.